ಬಳುವಳಿ ಹಸುವಿನ ಎರಡು ಗೆರೆ

ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಾದರೂ ಸಿಕ್ಕಿದರೆ ನಾನು ಮೊದಲು ಹೇಳುವುದು ಇಷ್ಟೇ: ಸ್ವಿಚ್ಚು ಒತ್ತುವ ಮುಂಚೆ ಕೆಂಪು ತಂತಿ ಯಾವ ಕಡೆ ಇದೆ, ಕಪ್ಪು ತಂತಿ ಯಾವ ಕಡೆ ಇದೆ ಎಂದು ಇನ್ನೊಂದು ಸಲ ನೋಡಿಕೊಳ್ಳಿ. ಅವರು ನಗುತ್ತಾರೆ. ಈಗಿನ ಯಂತ್ರಗಳಲ್ಲಿ ತಂತಿಯನ್ನು ತಪ್ಪಾಗಿ ಸಿಕ್ಕಿಸಲು ಬರುವುದೇ ಇಲ್ಲವಂತೆ. ಒಳ್ಳೆಯದೇ ಆಯಿತು. ಆದರೂ ಅಂಥ ತಪ್ಪು ಮಾಡಲು ಅವಕಾಶವಿದ್ದ ಕಾಲದ ಮೇಲೆ ನನಗೆ ಇವತ್ತಿಗೂ ಒಂದು ಹಂಬಲ ಇದೆ. ಅದನ್ನು ಬಚ್ಚಿಟ್ಟು ಬರೆಯುವುದು ನನ್ನಿಂದ ಆಗುವುದಿಲ್ಲ.

ನಮ್ಮೂರು ದುದ್ದ. ಮನೆಯಲ್ಲಿ ಗದ್ದೆ, ದನ, ಬೇಕಾದಷ್ಟು ಸಗಣಿ. ಬಿ.ಎಸ್ಸಿ. ಮುಗಿಸಿದ ಮೇಲೆ, ಎಪ್ಪತ್ತರ ದಶಕದ ಆರಂಭದಲ್ಲಿ, ಮಂಡ್ಯದ ಒಂದು ಪಶು ಪ್ರಯೋಗಾಲಯದಲ್ಲಿ ನನಗೆ ಸಹಾಯಕನ ಕೆಲಸ ಸಿಕ್ಕಿತು. ಸುದ್ದಿ ಕೇಳಿದ ಅಪ್ಪ ಗುದ್ದಲಿ ಕೆಳಗಿಟ್ಟು, "ದನ ಕಾಯದು ಬ್ಯಾಡ ಅಂತ ಓದ್ಸುದ್ರೆ, ತಿರ್ಗಾ ದನಿನ ತಾವ್ಕೇ ಓದಲ್ಲಾ" ಎಂದರು. ಆಮೇಲೆ ನಾನು ಯಾವ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವೆಲ್ಲ ಕುರ್ಚಿ ಬದಲಾದ ಕಥೆಗಳು.

ಹೆಂಚಿನ ಕಟ್ಟಡ, ಎರಡು ಕೋಣೆ, ಹಿಂದುಗಡೆ ಒಂದು ಹೊಂಗೆಮರ. ನಮ್ಮ ಮುಖ್ಯಸ್ಥರು ಡಾಕ್ಟರ್ ಅನಂತರಾಮಯ್ಯ. ಮಳವಳ್ಳಿಯ ಅರ್ಚಕರ ಮನೆತನದವರು. ದಿನವೆಲ್ಲ ದನದ ರಕ್ತದಲ್ಲಿ ಕೈಯಾಡಿಸುವ ಮಗನನ್ನು ಅವರ ತಾಯಿ ಸಂಜೆ ಹಿತ್ತಲ ಬಾಗಿಲಲ್ಲೇ ನಿಲ್ಲಿಸಿ, ತಲೆಯ ಮೇಲೆ ನೀರು ಸುರಿದು ಒಳಗೆ ಬಿಟ್ಟುಕೊಳ್ಳುತ್ತಿದ್ದರಂತೆ. "ನನ್ನಷ್ಟು ಶುದ್ಧವಾಗಿರೋ ವಿಜ್ಞಾನಿ ಈ ದೇಶದಲ್ಲಿ ಇನ್ನೊಬ್ಬ ಇಲ್ಲ ಕಣ್ರೀ ಪುಟ್ಟಸ್ವಾಮಿ" ಎಂದು ಡಾಕ್ಟರು ಹೇಳುತ್ತಿದ್ದರು. ಸಿಟ್ಟು ಬಂದಾಗ ಅವರು ಬೈಯುತ್ತಿರಲಿಲ್ಲ, ಹೊಗಳುತ್ತಿದ್ದರು. ಅದೇ ಹೆಚ್ಚು ಚುಚ್ಚುತ್ತಿತ್ತು.

ನಮ್ಮ ಕೆಲಸದ ಹೆಸರು ಎಲೆಕ್ಟ್ರೋಫೋರೆಸಿಸ್. ಹೆಸರಿಗೆ ಹೆದರಬೇಕಾಗಿಲ್ಲ. ಬೆರೆತುಹೋದ ಪದಾರ್ಥಗಳನ್ನು ವಿದ್ಯುತ್ತಿನ ಸೆಳೆತದಿಂದ ಬೇರೆ ಬೇರೆ ಮಾಡುವುದು, ಅಷ್ಟೇ. ಪಿಷ್ಟವನ್ನು ಬೇಯಿಸಿ, ತಟ್ಟೆಗೆ ಹೊಯ್ದು, ಆರಿಸಿದರೆ ಅದು ಹಲ್ವದ ಹಾಗೆ ಗಟ್ಟಿಯಾಗುತ್ತದೆ. ಅದರಲ್ಲಿ ಸಣ್ಣ ಸೀಳು ಮಾಡಿ, ರಕ್ತದ ರಸ ಹೀರಿದ ಕಾಗದದ ಚೂರುಗಳನ್ನು ಸಾಲಾಗಿ ಸಿಕ್ಕಿಸಬೇಕು. ಆ ಕಡೆ ಈ ಕಡೆ ಕ್ಷಾರದ ನೀರಿನ ತೊಟ್ಟಿಗಳು; ಒಂದಕ್ಕೆ ಧನ ವಿದ್ಯುತ್ತು, ಇನ್ನೊಂದಕ್ಕೆ ಋಣ. ಕರೆಂಟು ಕೊಟ್ಟರೆ ರಕ್ತದ ಕೆಂಪು ಧನದ ಕಡೆಗೆ ಮೆಲ್ಲಗೆ ಸರಿಯತೊಡಗುತ್ತದೆ.

ಹಸುವಿನ ರಕ್ತದ ಆ ಕೆಂಪಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಚುರುಕು, ಒಂದು ಮಂದ. ಚುರುಕಿನದು ಮುಂದೆ ಹೋಗಿ ಗೆರೆಯಾಗುತ್ತದೆ, ಮಂದದ್ದು ಹಿಂದೆ ಉಳಿದು ಗೆರೆಯಾಗುತ್ತದೆ. ಕರು ತಾಯಿಯಿಂದ ಒಂದನ್ನು, ತಂದೆಯಿಂದ ಒಂದನ್ನು ಪಡೆದು ಹುಟ್ಟುತ್ತದೆ. ಎರಡೂ ಒಂದೇ ಬಗೆಯಾದರೆ ತಟ್ಟೆಯಲ್ಲಿ ಒಂದೇ ಗೆರೆ. ಬೇರೆ ಬೇರೆಯಾದರೆ ಎರಡು ಗೆರೆ. ಇಷ್ಟು ನೆನಪಿಟ್ಟುಕೊಂಡರೆ ಮುಂದೆ ನಾನು ಹೇಳುವುದಕ್ಕೆ ಸಾಕು.

ಮೊದಲ ಸಲ ನನ್ನ ಕೈಗೆ ಕೆಲಸ ಒಪ್ಪಿಸಿ ಡಾಕ್ಟರು ಊಟಕ್ಕೆ ಹೋಗಿದ್ದರು. ನಾನು ತಂತಿಗಳನ್ನು ಅದಲು ಬದಲು ಮಾಡಿದ್ದೆ. ಅವರು ಬರುವ ಹೊತ್ತಿಗೆ ರಕ್ತವೆಲ್ಲ ಹಿಂದಕ್ಕೆ ಹೊರಟು, ಹತ್ತಿರದ ತೊಟ್ಟಿಗೆ ಇಳಿದು, ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಬಗ್ಗಿ ನೋಡಿದರು. "ಸೊಗಸಾಗಿದೆ. ತಟ್ಟೆ ಎಷ್ಟು ಸ್ವಚ್ಛವಾಗಿದೆ ನೋಡಿ" ಎಂದರು. ಅವತ್ತಿನಿಂದ ಇವತ್ತಿನವರೆಗೆ ನಾನು ಟಾರ್ಚಿಗೆ ಸೆಲ್ಲು ಹಾಕುವಾಗಲೂ ಎರಡು ಸಲ ನೋಡುತ್ತೇನೆ.

ಪಿಷ್ಟ ಬೇಯಿಸುವುದು ಇನ್ನೊಂದು ಫಜೀತಿ. ಇದಕ್ಕೆಂದೇ ತಯಾರಾದ ಪಿಷ್ಟ ವಿದೇಶದಿಂದ ಬರಬೇಕಿತ್ತು, ಬರುತ್ತಿರಲಿಲ್ಲ. ಡಾಕ್ಟರು ಆಲೂಗಡ್ಡೆಯಿಂದ ನಾವೇ ಪಿಷ್ಟ ತೆಗೆಯೋಣ ಎಂದರು. ಅವರು ಬೇಯಿಸಿದರೆ ಗಂಟು, ನಾನು ಬೇಯಿಸಿದರೆ ಗುಳ್ಳೆ. ಒಂದು ಭಾನುವಾರ ಊರಿಗೆ ಹೋಗಿದ್ದಾಗ ಅವ್ವ ಮುದ್ದೆ ತೊಳಸುವುದನ್ನು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. "ಏನ್ಲಾ ಅಂಗ್ ನೋಡಿಯೆ, ಮುದ್ದೆ ಕಂಡಿಲ್ವಾ" ಎಂದಳು. ಸೋಮವಾರ ಒಂದು ಮುದ್ದೆಕೋಲು ಹಿಡಿದುಕೊಂಡು ಕೆಲಸಕ್ಕೆ ಹೋದೆ. ಗಂಟು ಹೋಯಿತು, ಗುಳ್ಳೆ ಮಾತ್ರ ಹೋಗಲಿಲ್ಲ. ಗುಳ್ಳೆ ತೆಗೆಯುವುದನ್ನು ಡಾಕ್ಟರು ಕೊನೆಗೆ ಒಂದು ಗಾಳಿ ಎಳೆಯುವ ಪಂಪಿನಿಂದ ಸರಿಮಾಡಿದರು. ಹೀಗೆ ಅರ್ಧ ಅವ್ವನದು, ಅರ್ಧ ಡಾಕ್ಟರದು ಸೇರಿ ನಮ್ಮ ತಟ್ಟೆ ತಯಾರಾಯಿತು.

ಆ ದಿನಗಳಲ್ಲೇ ಬೆಂಗಳೂರಿನಿಂದ ಒಬ್ಬ ಮೇಲಧಿಕಾರಿ ತಪಾಸಣೆಗೆ ಬಂದರು. ಮೂಲೆಯಲ್ಲಿ ಆಲೂಗಡ್ಡೆ ಮೂಟೆ, ಒಲೆಯ ಮೇಲೆ ಪಾತ್ರೆ, ನನ್ನ ಕೈಯಲ್ಲಿ ಮುದ್ದೆಕೋಲು, ಮೇಜಿನ ಮೇಲೆ ತಟ್ಟೆ ತಂಪಾಗಿಡಲು ಐಸ್ ಕ್ಯಾಂಡಿ ಅಂಗಡಿಯಿಂದ ತಂದ ಮಂಜುಗಡ್ಡೆ. ಅವರು ಒಂದೊಂದನ್ನೇ ನೋಡುತ್ತ ಕೋಣೆಯನ್ನು ಒಂದು ಸುತ್ತು ಹಾಕಿದರು. ಆಮೇಲೆ, "ಇಲ್ಲಿ ಊಟಕ್ಕೆ ಎಷ್ಟು ತಗೋತೀರಿ?" ಎಂದರು. ಡಾಕ್ಟರು ಅವರಿಗೆ ತಟ್ಟೆಯ ಮೇಲೆ ಕೆಂಪು ಎರಡಾಗಿ ಒಡೆಯುವುದನ್ನು ತೋರಿಸಿದರು. ಆ ಮನುಷ್ಯ ಮೈಸೂರಿಗೆ ಹೋಗಬೇಕಾದ ಬಸ್ಸು ಬಿಟ್ಟು ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತಿದ್ದರು.

ಅದರಲ್ಲಿ ಅವರ ತಪ್ಪೇನೂ ಇಲ್ಲ. ಆ ಒಡೆಯುವ ಗಳಿಗೆ ಅಂಥದ್ದು. ಬೆಳಿಗ್ಗೆ ಸಕ್ಕರೆ ಕಾರ್ಖಾನೆಯ ಸೈರನ್ ಕೂಗಿದಾಗ ಕರೆಂಟು ಕೊಟ್ಟರೆ, ಮಧ್ಯಾಹ್ನದವರೆಗೂ ಒಂದೇ ಕೆಂಪು ಪಟ್ಟಿ. ನೋಡಿ ನೋಡಿ ಕಣ್ಣು ಸೋಲುತ್ತದೆ. ನೀವು ಬೀಡಿ ಸೇದಲು ಹೊಂಗೆಮರದ ಕೆಳಗೆ ಹೋಗಿ ಬಂದಿರುತ್ತೀರಿ, ಅಷ್ಟರಲ್ಲಿ ನಡುವೆ ಕೂದಲಿನಷ್ಟು ತೆಳ್ಳಗೆ ಒಂದು ಬೆಳಕು ಬಿಟ್ಟುಕೊಂಡಿರುತ್ತದೆ. ಬಣ್ಣ ಹಾಕಬೇಕಾಗಿಲ್ಲ, ಭೂತಗನ್ನಡಿ ಬೇಕಾಗಿಲ್ಲ, ಬರಿಗಣ್ಣಿಗೆ ಕಾಣುತ್ತದೆ. ನನ್ನ ಮದುವೆಯ ದಿನ ಮರೆತರೂ ಮರೆತೇನು, ಆ ತೆಳ್ಳನೆಯ ಬೆಳಕನ್ನು ಮರೆಯಲಾರೆ. ಈಗಲೂ ಅದನ್ನು ಒಂದು ಸಲ ನೋಡಬೇಕು ಎಂದು ಮನಸ್ಸು ಎಳೆಯುತ್ತದೆ.

ಸುತ್ತಲಿನ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದರೆ ಕರೆಂಟು ಇಳಿಯುತ್ತಿತ್ತು. ಪೂರ್ತಿ ಹೋದರೆ ಗೆರೆಗಳು ಹಸಿ ಬಟ್ಟೆಯ ಮೇಲೆ ಬಿದ್ದ ಶಾಯಿಯಂತೆ ಹರಡಿಕೊಂಡು, ಒಂದರೊಳಗೊಂದು ಸೇರಿಬಿಡುತ್ತಿದ್ದವು. ಬೇರೆಯಾದದ್ದು ಬೇರೆಯಾಗಿ ಉಳಿಯಬೇಕಾದರೆ ಯಾರೋ ಒಬ್ಬರು ಸದಾ ಎಳೆಯುತ್ತಲೇ ಇರಬೇಕು ಎಂದು ಡಾಕ್ಟರು ಹೇಳುತ್ತಿದ್ದರು.

ಈಗ ಸಾಕಮ್ಮನ ವಿಷಯಕ್ಕೆ ಬರುತ್ತೇನೆ. ಇಷ್ಟು ವರ್ಷದ ಕೆಲಸದಲ್ಲಿ ಮನಸ್ಸಿಗೆ ಅಂಟಿಕೊಂಡು ನನ್ನ ಜೊತೆ ಮನೆಗೆ ಬಂದದ್ದು ಅದೊಂದೇ.

ಡಾಕ್ಟರು ಜಿಲ್ಲೆಯ ಹಳ್ಳಿಕಾರ್ ದನಗಳ ರಕ್ತದ ಬಗೆಗಳನ್ನು ಗುರುತಿಸುತ್ತಿದ್ದರು. ಹಳ್ಳಿಗಳಿಂದ ರಕ್ತ ತಂದುಕೊಡುತ್ತಿದ್ದವನು ಮಳವಳ್ಳಿ ಕಡೆಯ ಪಶು ಆಸ್ಪತ್ರೆಯ ಕಾಂಪೌಂಡರ್ ಬಸಪ್ಪ. ಅವನು ಒಂದು ದಿನ ಬಂದವನೇ, "ಸಾರ್, ನಿಮ್ಮ ಕರೆಂಟು ಕರುವಿನ ತಾಯಿ ಯಾರು ಅಂತ ಏಳ್ತದಾ?" ಎಂದ. ಅವನ ವ್ಯಾಪ್ತಿಯ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರು ಪಾಲಾಗಿದ್ದರು. ಅಣ್ಣ ಕಾಳೇಗೌಡ. ತಮ್ಮನ ಹೆಂಡತಿ ಈ ಸಾಕಮ್ಮ. ತಮ್ಮ ಅಣ್ಣನ ಎದುರು ಬಾಯಿ ಬಿಡುವವನಲ್ಲ, ಹಾಗಾಗಿ ಜಗಳವೆಲ್ಲ ಬಾವನಿಗೂ ಸಾಕಮ್ಮನಿಗೂ ನಡುವೆ. ಗದ್ದೆ ಹಂಚಿದರು, ಪಾತ್ರೆ ಹಂಚಿದರು, ಮನೆಯ ನಡುವೆ ಗೋಡೆ ಎಬ್ಬಿಸಿದರು. ಇನ್ನೂ ಕರು ಹಾಕದ ಒಂದು ಕಡಸಿನ ಹತ್ತಿರ ಬಂದು ಎಲ್ಲ ನಿಂತುಹೋಯಿತು.

ಕಡಸಿನ ಹೆಸರು ಚೆಲುವಿ. ಸಾಕಮ್ಮ ಮದುವೆಯಾಗಿ ಬರುವಾಗ ಅವಳಪ್ಪ ಬಳುವಳಿಯಾಗಿ ಕೊಟ್ಟ ಹಸು ಗೌರಿ. ತವರಿನ ಬಳುವಳಿಯ ಹಸುವೂ ಅದರ ಸಂತಾನವೂ ಹೆಣ್ಣುಮಗಳದ್ದೇ, ಗಂಡನ ಮನೆಯ ಪಾಲಿಗೆ ಸೇರುವುದಿಲ್ಲ. ಅದರಲ್ಲಿ ಯಾರದೂ ತಕರಾರಿಲ್ಲ. ತಕರಾರು ಇದ್ದದ್ದು ಚೆಲುವಿ ಗೌರಿಯ ಮಗಳೋ ಅಲ್ಲವೋ ಎಂಬುದರಲ್ಲಿ. ಮನೆ ಒಂದಾಗಿದ್ದಾಗ ಗೌರಿಯೂ, ಕಾಳೇಗೌಡನ ಕೆಂಚಿ ಎಂಬ ಹಸುವೂ ಒಂದೇ ಕೊಟ್ಟಿಗೆಯಲ್ಲಿ, ಒಂದೇ ದಿನ, ಯಾರೂ ನೋಡದ ಹೊತ್ತಿನಲ್ಲಿ ಕರು ಹಾಕಿದ್ದವು. ಮನೆಯವರು ಬರುವಷ್ಟರಲ್ಲಿ ಒಂದು ಕರು ಸತ್ತಿತ್ತು. ಉಳಿದದ್ದು ಕೆಂಚಿಯ ಕೆಚ್ಚಲಿಗೆ ಬಾಯಿ ಹಾಕಿತ್ತು. ಗೌರಿ ಜ್ವರ ಬಂದು ಬಿದ್ದುಕೊಂಡಿತ್ತು, ಅದಕ್ಕೆ ಹಾಲೇ ಇಳಿಯಲಿಲ್ಲ. ಆಗ ಯಾವ ಕರು ಯಾವುದರದು ಎಂದು ಕೇಳುವ ಅಗತ್ಯ ಯಾರಿಗೂ ಬರಲಿಲ್ಲ, ಮನೆಗೆ ಒಂದು ಕರು ಉಳಿಯಿತಲ್ಲ ಎಂದುಕೊಂಡರು.

ಕಾಳೇಗೌಡ ಹೇಳುವುದು: ಕೆಂಚಿಯ ಹಾಲು ಕುಡಿದದ್ದು ಕೆಂಚಿಯ ಮಗಳು. ಸಾಕಮ್ಮ ಹೇಳುವುದು: ಆ ಹಣೆಯ ಬಿಳಿ ಚುಕ್ಕೆ ನಮ್ಮಪ್ಪನ ದನಗಳದ್ದು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ. ಸಾಕಮ್ಮನ ಅಪ್ಪ ತೀರಿಕೊಂಡಿದ್ದ. ಅಣ್ಣತಮ್ಮಂದಿರಿಲ್ಲ. ತವರು ಎಂದು ಹೋಗಲು ಅವಳಿಗೆ ಒಂದು ಬಾಗಿಲೂ ಉಳಿದಿರಲಿಲ್ಲ. ಗೌರಿಗೆ ವಯಸ್ಸಾಗಿತ್ತು, ಅದು ಮತ್ತೆ ಗಬ್ಬವಾಗುವಂತಿರಲಿಲ್ಲ. ಊರಿನ ಹಿರಿಯರು ಸುಸ್ತಾಗಿ, ಏನೂ ಗೊತ್ತಾಗದಿದ್ದರೆ ಚೆಲುವಿಯನ್ನು ಮದ್ದೂರು ಸಂತೆಯಲ್ಲಿ ಮಾರಿಬಿಡಿ ಎಂದು ತೀರ್ಮಾನ ಹೇಳಿದ್ದರು.

ಡಾಕ್ಟರಿಗೆ ಉತ್ಸಾಹ ಬಂತು. ಬಸಪ್ಪ ಮೂರು ಸೀಸೆ ತೆಗೆದುಕೊಂಡು ಹೋದ. ಸೋಮವಾರ ಬಸವಣ್ಣನ ವಾರ, ದನಕ್ಕೆ ಸೂಜಿ ಹಾಕಬಾರದು ಎಂದರಂತೆ; ಮಂಗಳವಾರ ಚುಚ್ಚಿ ತಂದ. ಕಾಳೇಗೌಡ ತನ್ನ ಕಡೆ ನಿಂತು ಚೆಲುವಿಯನ್ನೂ ಕೆಂಚಿಯನ್ನೂ ಹಿಡಿದುಕೊಂಡನಂತೆ. ಗೋಡೆಯ ಆಚೆ ಸಾಕಮ್ಮನ ಅಂಗಳಕ್ಕೆ ಅವನು ಕಾಲಿಡುವುದಿಲ್ಲ, ಅಲ್ಲಿಗೆ ಬಸಪ್ಪ ಒಬ್ಬನೇ ಹೋದನಂತೆ. "ಚೆಲುವಿಗೆ ಸೂಜಿ ಆಕ್ದಾಗ ಆ ಯಮ್ಮ ಗೋಡೆ ಮೇಲಿಂದ ನೋಡ್ಬುಟ್ಟು ಒಂದೇ ಸಮ ಅಳ್ತಿತ್ತು ಸಾರ್, ಮನ್ಸ್ರಿಗೆ ಆಕ್ದಂಗೆ" ಎಂದ. ಮೆದು ಮನಸ್ಸು ಇರಬೇಕು ಎಂದುಕೊಂಡೆವು.

ನಾನು ತಟ್ಟೆ ಓಡಿಸಿದೆ. ಚೆಲುವಿಗೆ ಒಂದೇ ಗೆರೆ, ಹಿಂದಿನದು. ಎಂದರೆ ಅಪ್ಪನಿಂದಲೂ ಮಂದ, ಅಮ್ಮನಿಂದಲೂ ಮಂದ. ಕೆಂಚಿಗೆ ಒಂದೇ ಗೆರೆ, ಮುಂದಿನದು. ಕೆಂಚಿಯ ಹತ್ತಿರ ಕೊಡಲು ಮಂದದ್ದು ಇಲ್ಲವೇ ಇಲ್ಲ, ಹಾಗಾಗಿ ಅದು ತಾಯಿಯಲ್ಲ. ನನಗೆ ಸಾಕಮ್ಮನ ಮುಖ ಗೊತ್ತಿಲ್ಲದಿದ್ದರೂ ಅವಳ ಪರವಾಗಿ ಖುಷಿಯಾಯಿತು. ಗೌರಿಯ ಸಾಲು ನೋಡಿದೆ. ಅದರಲ್ಲೂ ಒಂದೇ ಗೆರೆ, ಮುಂದಿನದು.

ಡಾಕ್ಟರು ತಂತಿ ನೋಡಿದರು, ನನ್ನ ಮುಖ ನೋಡಿದರು. ನಾನು ಮತ್ತೊಮ್ಮೆ ಪಿಷ್ಟ ಬೇಯಿಸಿ ಓಡಿಸಿದೆ. ಮತ್ತೆ ಅದೇ. ಇಬ್ಬರು ತಾಯಂದಿರಿಗಾಗಿ ಜಗಳವಾಡಿ ಚೆಲುವಿಗೆ ತಾಯಿಯೇ ಇಲ್ಲದಂತಾಯಿತು. ಸುದ್ದಿ ಕೇಳಿದ ಕಾಳೇಗೌಡ ಬಸಪ್ಪನ ಕೈಲಿ, "ಅಂಗಾರೆ ಅದು ಆಕಾಸದಿಂದ ಉದುರ್ತಾ ಅಂತ ಕೇಳ್ಕಂಡು ಬಾ" ಎಂದು ಹೇಳಿ ಕಳಿಸಿದ. ಸಂತೆಯ ದಿನ ಹತ್ತಿರವಾಗುತ್ತಿತ್ತು. ಡಾಕ್ಟರು ಏನೂ ಬರೆದುಕೊಡದೆ, "ನಡೀರಿ ಪುಟ್ಟಸ್ವಾಮಿ, ಆ ಹಸುಗಳನ್ನೇ ಒಂದು ಸಲ ನೋಡಿ ಬರೋಣ" ಎಂದರು.

ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಹೋದೆವು. ಗೆಜ್ಜಲಗೆರೆ ದಾಟುವಾಗ ಡಾಕ್ಟರು, "ಹೆಸರು ಬೆರೆಸಿಲ್ಲ ತಾನೆ?" ಎಂದು ಕೇಳಿದರು. ಶಿವಪುರದ ಹತ್ತಿರ ಮತ್ತೆ ಅದನ್ನೇ ಕೇಳಿದರು. ಹಳ್ಳಿಯಲ್ಲಿ ಬಸಪ್ಪ ಕಾದಿದ್ದ. ಮೂವರೂ ಸಾಕಮ್ಮನ ಅಂಗಳಕ್ಕೆ ಹೋದಾಗ ಅವಳು ರಾಗಿ ಕೇರುತ್ತಿದ್ದಳು. ಮೂವತ್ತರ ಒಳಗಿನ ಹೆಂಗಸು, ನೆಟ್ಟಗೆ ನೋಡುವ ಕಣ್ಣು. ಗೌರಿ ಎಲ್ಲಿ ಎಂದು ಕೇಳಿದೆವು. ಆಗಷ್ಟೇ ಕಾಲುವೆಯಲ್ಲಿ ನೀರು ಕುಡಿದು ಒಂದು ಬೂದು ಬಣ್ಣದ ಮುದಿ ಹಸು ತಾನಾಗಿಯೇ ಅಂಗಳಕ್ಕೆ ಬಂತು. ಬಸಪ್ಪ ಅದನ್ನು ನೋಡಿದ, ಸಾಕಮ್ಮನನ್ನು ನೋಡಿದ.

"ಅಮ್ಮಣ್ಣಿ, ನಾನು ಅವತ್ತು ಚುಚ್ಚಿದ್ದು ಈ ಅಸೀಗಲ್ಲ."

"ಅಲ್ಲ ಕಣಣ್ಣ," ಎಂದಳು ಸಾಕಮ್ಮ, ಮೊರ ಕೆಳಗಿಟ್ಟು. "ಅದು ಪಕ್ಕದ ಮನೆದು. ಕಟ್ಕಂಡು ಬಂದಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. ಮುದ್ದೆಕೋಲು ತಿರುವಿದ್ದು ನನ್ನ ಕೈ ತಾನೆ. "ಏನವ್ವ, ನಿನ್ನ ಕಡಸು ನಿಂಗೆ ಸಿಗ್ಲಿ ಅಂತ ನಾವು ಬಡ್ಕತಾ ಇದ್ರೆ, ನೀನೇ ಇಂಗಾ ಮಾಡದು?" ಎಂದೆ.

"ನಮ್ಮಪ್ಪನ ದನ ಬಸವಪ್ಪನ ಮುಡಿಪು ಸಾಮಿ. ಆ ತಳೀಗೆ ಬರೆ ಆಕಂಗಿಲ್ಲ, ಕಿವಿ ಸೀಳಂಗಿಲ್ಲ. ಮೈಗೆ ಕಬ್ಬಿಣ ಮುಟ್ಟುಸ್ಬ್ಯಾಡ ಕಣವ್ವ ಅಂತ ಗೌರಿ ಅಗ್ಗ ನನ್ ಕೈಗೆ ಕೊಡವಾಗ ಏಳಿದ್ರು. ಅದು ಬುಟ್ರೆ ಬ್ಯಾರೆ ಏನೂ ಏಳ್ನಿಲ್ಲ ಅವರು." ಗೌರಿಯ ಬೆನ್ನು ಸವರುತ್ತ ಹೇಳಿದಳು. "ಅಸೀನ ರಕ್ತ ಎಲ್ಲಾ ಒಂದೇ ತಾನೆ, ಕೆಂಪು ಕೆಂಪು, ಯಾವ್ದಾದ್ರೇನು ಅಂದ್ಕಂಡೆ. ಚೆಲುವೀಗೆ ಚುಚ್ಚದ್ನ ತಡೆಯಕ್ಕೆ ನನ್ ಕೈಲಿ ಆಗ್ನಿಲ್ಲ. ಇದ್ಕಾದ್ರೂ ತಪ್ಸನ ಅಂತ."

ಅವಳು ಅತ್ತದ್ದು ಯಾಕೆ ಎಂದು ಆಗ ತಿಳಿಯಿತು. ರಕ್ತವೆಲ್ಲ ಒಂದೇ ಎಂದುಕೊಂಡದ್ದಕ್ಕೆ ಅವಳನ್ನು ಬೈಯುವಂತೆಯೂ ಇರಲಿಲ್ಲ. ನಾನೂ ಈ ಕೆಲಸಕ್ಕೆ ಸೇರುವವರೆಗೆ ಹಾಗೆಯೇ ತಿಳಿದಿದ್ದೆ. ಡಾಕ್ಟರು ಬಹಳ ನಯವಾಗಿ, ಸೂಜಿಯ ಮೊನೆ ನೋಯುವುದಿಲ್ಲ, ದೇವರು ಕ್ಷಮಿಸುತ್ತಾನೆ ಎಂದೆಲ್ಲ ಹೇಳಿದರು. ಅರ್ಚಕರ ಮಗ ಹೇಳಿದರೂ ಅವಳು ಒಪ್ಪಲಿಲ್ಲ. "ಅಸ ಓದ್ರೂ ಓಗ್ಲಿ ಸಾಮಿ, ಮಾತು ಓಗದು ಬ್ಯಾಡ" ಎಂದಳು. ಅಷ್ಟು ಹೇಳಿ ಮುಖ ಆ ಕಡೆ ಮಾಡಿಕೊಂಡಳು. ಚೆಲುವಿಯನ್ನು ಬಿಟ್ಟುಕೊಡುವುದು ಅವಳಿಗೆ ಎಷ್ಟು ಕಷ್ಟವಾಗಿತ್ತು ಎಂಬುದು ಅವಳ ಬೆನ್ನಿನಲ್ಲೇ ಕಾಣುತ್ತಿತ್ತು.

ನಾವು ಎದ್ದೆವು. ಗೌರಿ ಬಾಲ ಬೀಸಿತು. ಅದರ ಹಿಂಗಾಲಿನಿಂದ ಒಂದು ಕೆಂಪು ಎಳೆ ಇಳಿಯುತ್ತಿತ್ತು. ಬಗ್ಗಿ ನೋಡಿದೆ. ಕಾಲುವೆಯ ಜಿಗಣೆ, ಹೆಬ್ಬೆರಳಷ್ಟು ದಪ್ಪಗೆ ಉಬ್ಬಿಕೊಂಡು ಕಚ್ಚಿ ಕೂತಿತ್ತು. ಗದ್ದೆ ಕೆಸರಿನಲ್ಲಿ ಬೆಳೆದವನು ನಾನು, ಎಷ್ಟು ಜಿಗಣೆ ಕಿತ್ತಿದ್ದೇನೋ ಲೆಕ್ಕವಿಲ್ಲ. ಅದು ಕುಡಿದ ರಕ್ತ ಹೆಪ್ಪುಗಟ್ಟುವುದಿಲ್ಲ ಎಂದು ಗದ್ದೆಗಿಳಿದ ಎಲ್ಲರಿಗೂ ಗೊತ್ತು. ಅದರ ಮೈಯಲ್ಲಿ ಕಬ್ಬಿಣವೂ ಇಲ್ಲ.

"ಸಾಕವ್ವ," ಎಂದೆ, "ಜಿಗಣೆ ಕಚ್ಚುದ್ರೆ ಮಾತು ಕೆಡ್ತದಾ?"

ಅವಳು ತಿರುಗಿ ನೋಡಿದಳು. "ಅದೆಂಗ್ ಕೆಡ್ತದೆ. ದಿನಾ ಕಚ್ತದೆ."

ಡಾಕ್ಟರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವರೊಳಗಿನ ವಿಜ್ಞಾನಿ ಎದ್ದು ಕೂತ. ಈ ಜಿಗಣೆ ಮೊದಲು ಯಾವ ಎಮ್ಮೆಯ ರಕ್ತ ಕುಡಿದಿತ್ತೋ ಯಾರಿಗೆ ಗೊತ್ತು ಎಂದರು. ಹಾಗಾಗಿ ಹಸಿದು ದಾರದಂತಾಗಿದ್ದ ಜಿಗಣೆಗಳನ್ನೇ ಬಸಪ್ಪ ಕಾಲುವೆಯಿಂದ ಆರಿಸಿ ತಂದ. ಕಾಳೇಗೌಡನನ್ನು ಸಾಕ್ಷಿಗೆ ಕರೆದೆವು. ಪಾಲಾದ ಮೇಲೆ ಮೊದಲ ಸಲ ಅವನು ಆ ಅಂಗಳಕ್ಕೆ ಬಂದ. ಭಾರೀ ಮೀಸೆಯ, ದೊಡ್ಡ ದನಿಯ ಮನುಷ್ಯ. ನಡೆದದ್ದೆಲ್ಲ ಕೇಳಿ, ತಮ್ಮನ ಹೆಂಡತಿಯ ಕಡೆ ನೋಡಿ, "ನಿಮ್ಮಪ್ಪ ಅಂಗಂದಿದ್ದು ನಂಗ್ಯಾಕವ್ವ ಏಳ್ನಿಲ್ಲ, ಚೆಲುವೀಗೆ ಸೂಜಿ ಆಕುಸ್ತಾನೇ ಇರ್ನಿಲ್ಲ ನಾನು" ಎಂದ. ಆಮೇಲೆ ತಕ್ಷಣ ಬಿಗಿಯಾಗಿ, "ನಮ್ಮ ಕೆಂಚೀಗೂ ಜಿಗಣೆನೇ ಬುಡಿ. ಅವರ ಅಸೀಗೆ ಒಂದು, ನಮ್ಮ ಅಸೀಗೆ ಒಂದಾ?" ಎಂದ. ಬಿಟ್ಟೆವು. ಅದು ನಮಗೂ ಒಳ್ಳೆಯದೇ ಆಯಿತು: ಕೆಂಚಿಯ ಸೂಜಿಯ ರಕ್ತವೂ ಜಿಗಣೆಯ ರಕ್ತವೂ ಒಂದೇ ಗೆರೆ ತೋರಿಸಿದರೆ ಜಿಗಣೆ ಸುಳ್ಳು ಹೇಳುವುದಿಲ್ಲ ಎಂದಾಯಿತಲ್ಲ.

ಬಸ್ಸಿನಲ್ಲಿ ಡಾಕ್ಟರು ರಕ್ತ ಕುಡಿದ ಜಿಗಣೆಗಳಿದ್ದ ಸೀಸೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. "ಇದನ್ನ ಪ್ರಬಂಧದಲ್ಲಿ ಹೇಗ್ರೀ ಬರೆಯೋದು?" ಎಂದು ಕೇಳಿದರು. ಅವರು ಅದನ್ನು ಕೊನೆಗೂ ಬರೆಯಲಿಲ್ಲ.

ಮರುದಿನ ಕರೆಂಟು ನಮ್ಮ ಮೇಲೆ ಕರುಣೆ ಇಟ್ಟಿತು. ಕೆಂಚಿಯ ಸಾಲುಗಳಲ್ಲಿ ಸೂಜಿಯದೂ ಜಿಗಣೆಯದೂ ಅದೇ ಮುಂದಿನ ಗೆರೆ. ಗೌರಿಯ ಸಾಲಿನಲ್ಲಿ ಮಧ್ಯಾಹ್ನದವರೆಗೂ ಒಂದೇ ಕೆಂಪು. ನಾನು ಬೀಡಿಗೂ ಏಳಲಿಲ್ಲ. ಆಮೇಲೆ ಆ ತೆಳ್ಳನೆಯ ಬೆಳಕು ಬಿಟ್ಟುಕೊಂಡಿತು. ಗೌರಿಗೆ ಎರಡು ಗೆರೆ, ಒಂದು ಮುಂದೆ, ಒಂದು ಹಿಂದೆ. ಗೌರಿಗೆ ಬಿಟ್ಟ ಎಲ್ಲ ಜಿಗಣೆಗಳದ್ದೂ ಅದೇ ಸಾಕ್ಷಿ. ಆ ಕೊಟ್ಟಿಗೆಯಲ್ಲಿ ಅವತ್ತು ಕರು ಹಾಕಿದ್ದು ಎರಡೇ ಹಸು. ಕೆಂಚಿ ತಾಯಿಯಾಗಲು ಸಾಧ್ಯವೇ ಇಲ್ಲ, ಗೌರಿ ಆಗಬಹುದು. ಹಾಗಾದರೆ ಚೆಲುವಿ ಗೌರಿಯ ಮಗಳೇ. ಡಾಕ್ಟರು ನನ್ನ ಬೆನ್ನು ತಟ್ಟಿದರು. ಅವತ್ತು ಹೊಗಳಲಿಲ್ಲ, ಅದಕ್ಕೇ ಅದು ನಿಜವಾದದ್ದು ಎಂದು ಗೊತ್ತಾಯಿತು.

ಬಸಪ್ಪನ ಜೊತೆ ಸಾಕಮ್ಮ ಮಂಡ್ಯಕ್ಕೆ ಬಂದಳು. ಗೆರೆ ನೋಡಬೇಕು ಎಂದಳು. ಉಳಿದಿದ್ದ ರಕ್ತದಲ್ಲಿ ಇನ್ನೊಂದು ತಟ್ಟೆ ಓಡಿಸಿ, ಗೆರೆ ಒಡೆದ ಮೇಲೆ ಕರೆದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ತಟ್ಟೆಯ ಮೇಲೆ ಬಗ್ಗಿದಳು. ಇದು ಗೌರಿ, ಎರಡು ಗೆರೆ; ಇದು ಚೆಲುವಿ, ಹಿಂದಿನ ಗೆರೆಯನ್ನು ಅಮ್ಮನಿಂದ ತಗೊಂಡಿದೆ ಎಂದು ತೋರಿಸಿದೆ.

"ಇದೇನಾ ನಮ್ಮಪ್ಪನ ಮನೆದು?"

"ಅದೇ ಕಣವ್ವ."

"ಇಷ್ಟೇ ಇಷ್ಟಿದ್ದದಲ್ಲ," ಎಂದಳು. ಬೆರಳನ್ನು ತಟ್ಟೆಯವರೆಗೂ ತಂದು, ಮುಟ್ಟದೆ, ಹಿಂದಕ್ಕೆ ತೆಗೆದುಕೊಂಡಳು. ತನಗೆ ಕೊಡುವಿರಾ ಎಂದು ಕೇಳಿದಳು. ಇದು ಉಳಿಯುವುದಿಲ್ಲ, ಒಣಗಿ ಬಿರುಕು ಬಿಟ್ಟು ಕಂದಿಹೋಗುತ್ತದೆ ಎಂದೆ. ಹಾಗಾದರೆ ಇನ್ನೊಂದಷ್ಟು ಹೊತ್ತು ನೋಡುತ್ತೇನೆ ಎಂದು, ಹಿಂದೆ ಆ ಮೇಲಧಿಕಾರಿ ಕೂತಿದ್ದ ಅದೇ ಸ್ಟೂಲಿನ ಮೇಲೆ ಕೂತಳು. ನಾವು ನಮ್ಮ ಕೆಲಸ ಮಾಡಿಕೊಂಡೆವು.

ಚೆಲುವಿ ಗೋಡೆ ದಾಟಿ ಸಾಕಮ್ಮನ ಕಡೆಗೆ ಬಂತು. ಕೆಲವು ವಾರ ಬಿಟ್ಟು ರಕ್ತ ತರಲು ಆ ಕಡೆ ಹೋಗಿದ್ದಾಗ ನೋಡಿದರೆ ಅದು ಮತ್ತೆ ಕಾಳೇಗೌಡನ ಕೊಟ್ಟಿಗೆಯಲ್ಲಿ ಕೆಂಚಿಯ ಮಗ್ಗುಲಲ್ಲಿ ಮಲಗಿತ್ತು. ಸಾಕಮ್ಮನನ್ನು ಕೇಳಿದೆ.

"ನಾನೇ ಬುಟ್ಟು ಬಂದೆ ಸಾಮಿ. ಗೌರಿ ಅದ್ನ ಮೂಸಿ ಕೂಡ ನೋಡ್ನಿಲ್ಲ, ಕೊಂಬಾಡುಸ್ತು. ಇದು ಮೇವು ಮುಟ್ನಿಲ್ಲ. ಆ ಕಡೆ ಕೆಂಚಿ ಅರುಚದು, ಈ ಕಡೆ ಇದು ಅರುಚದು. ಗೋಡೆ ಆರ್ಕಂಡು ಓಯ್ತು ಒಂದಿನ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಂಗೆ ಅಸ ಬೇಕಿರ್ನಿಲ್ಲ. ಅದು ನಮ್ಮಪ್ಪನ ಮನೆದು ಅನ್ನೋ ಮಾತು ಬೇಕಿತ್ತು. ಅದ ನೀವು ಕೊಟ್ರಿ. ಸಾಕು ಬುಡಿ."

ಸಾಕು ಎಂದಳು, ಆದರೆ ಕಣ್ಣು ಗೋಡೆಯ ಮೇಲೇ ಇತ್ತು. ನಾನು ಬಸ್ಸು ಹತ್ತಿ ಬಂದೆ. ಗೆರೆಗಳನ್ನು ಬೇರೆ ಮಾಡುವುದಷ್ಟೇ ನನಗೆ ಬರುತ್ತಿದ್ದದ್ದು. ಮುಂದಿನದು ನನ್ನ ಕೈಲಿರಲಿಲ್ಲ.

ಪಿಷ್ಟ ಹೋಗಿ ಬೇರೆ ಬೇರೆ ಜೆಲ್‌ಗಳು ಬಂದವು. ಆಮೇಲೆ ಯಂತ್ರ ಬಂತು, ತಟ್ಟೆಯೇ ಕಾಣದಂತೆ ಡಬ್ಬಿಯೊಳಗೆ ಎಲ್ಲ ನಡೆದು ಕಾಗದ ಹೊರಗೆ ಬೀಳತೊಡಗಿತು. ಲೆಕ್ಕ ಸರಿ, ವೇಗ ಹೆಚ್ಚು, ದೂರುವಂಥದ್ದೇನೂ ಇಲ್ಲ. ಡಾಕ್ಟರು ಈಗಿಲ್ಲ. ಆ ಹೆಂಚಿನ ಕಟ್ಟಡವೂ ಇಲ್ಲ, ಹೊಂಗೆಮರ ಮಾತ್ರ ಇದೆ. ಕೆಲವು ಮಧ್ಯಾಹ್ನ ಸುಮ್ಮನೆ ಅದರ ಕೆಳಗೆ ಹೋಗಿ ನಿಲ್ಲುತ್ತೇನೆ. ಒಳಗೆ ತಟ್ಟೆ ಓಡುತ್ತಿದೆ, ಇನ್ನೇನು ಒಡೆಯುತ್ತದೆ, ಡಾಕ್ಟರು ಕೂಗುತ್ತಾರೆ ಎನಿಸುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ: ನಿಮ್ಮ ಕೆಲಸದಲ್ಲಿ ಕಾಯಬೇಕಾದ ಹೊತ್ತು ಎಲ್ಲಿದೆ ನೋಡಿಕೊಳ್ಳಿ, ಮುಂದೆ ನೀವು ಹಂಬಲಿಸುವುದು ಅದಕ್ಕೇ.

ಇನ್ನೊಂದು ಬಾಕಿ ಇದೆ. ಮುಂದೆ ಒಂದು ದಿನ ಕಾಳೇಗೌಡ ತಾನೇ ಪ್ರಯೋಗಾಲಯಕ್ಕೆ ಬಂದ. ಕೈಯಲ್ಲಿ ಬಟ್ಟೆ ಕಟ್ಟಿದ ತಂಬಿಗೆ, ಅದರ ತುಂಬ ಗಿಣ್ಣು. ಚೆಲುವಿ ಹೆಣ್ಣುಗರು ಹಾಕಿದೆ, ಕರು ಸ್ವಲ್ಪ ಬಲಿತ ಮೇಲೆ ನೀವಿಬ್ಬರೂ ಒಂದು ಸಲ ಬರಬೇಕು ಎಂದ. ಯಾಕೆ ಎಂದರೆ ಹೇಳಲಿಲ್ಲ. ಖಾಲಿ ತಂಬಿಗೆ ಕೊಡಬಾರದಲ್ಲ, ಡಾಕ್ಟರು ನಮ್ಮ ಮೂಟೆಯಿಂದ ಆಲೂಗಡ್ಡೆ ತುಂಬಿ ಕಳಿಸಿದರು.

ಕರು ಹಾಲು ಬಿಟ್ಟ ಮೇಲೆ ಕಾಳೇಗೌಡ ಹೇಳಿ ಕಳಿಸಿದ, ನಾವು ಹೋದೆವು. ಅವನ ಮನೆಯ ಬಾಗಿಲ ಒಳಗೆ ಸಾಕಮ್ಮನನ್ನು ಮಣೆಯ ಮೇಲೆ ಕೂರಿಸಿದ್ದರು. ಕಾಳೇಗೌಡನ ಹೆಂಡತಿ ಅವಳ ಹಣೆಗೆ ಕುಂಕುಮ ಇಟ್ಟು, ಮಡಿಲಿಗೆ ಅಕ್ಕಿ, ಕಾಯಿ, ಬೆಲ್ಲ ತುಂಬಿದಳು. ಮಗಳನ್ನು ತವರಿನಿಂದ ಕಳಿಸುವಾಗ ಮಾಡುವ ಹಾಗೆಯೇ ಎಲ್ಲ. ಕಾಳೇಗೌಡ ಕೊಟ್ಟಿಗೆಯಿಂದ ಕರುವನ್ನು ಹಿಡಿದು ತಂದ. ಹಣೆಯಲ್ಲಿ ಬಿಳಿ ಚುಕ್ಕೆ, ಅದರ ಮೇಲೆ ಅರಿಶಿನ. ಹೊಸ ಹಗ್ಗದ ತುದಿಯನ್ನು ಸಾಕಮ್ಮನ ಕೈಗೆ ಕೊಟ್ಟ. ಆ ದೊಡ್ಡ ದನಿ ಅವತ್ತು ಎಲ್ಲೋ ಅಡಗಿತ್ತು.

"ಮೈಗೆ ಕಬ್ಬಿಣ ಮುಟ್ಟುಸ್ಬ್ಯಾಡ ಕಣವ್ವ" ಎಂದ.

ಸಾಕಮ್ಮ ಹಗ್ಗ ಹಿಡಿದು ಹೊಸ್ತಿಲು ದಾಟಿದಳು. ದಾಟಿದವಳು ನಿಂತು, ಹಿಂದಿರುಗಿ, ಆ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಓಗ್ಬತ್ತೀನಿ" ಎನ್ನುವಾಗ ಅವಳಿಗೆ ಅಳು ತಡೆಯಲಾಗಲಿಲ್ಲ.

"ಬತ್ತಾ ಇರವ್ವ" ಎಂದ ಕಾಳೇಗೌಡ.

ಅವಳ ಮನೆ ಇದ್ದದ್ದು ಗೋಡೆಯ ಆಚೆಗೆ.